ಬೆವರುವ ಕಂಪ್ಯೂಟರ್: ವಾಟರ್ ಕೂಲಿಂಗ್ ಮತ್ತು ಮಳೆಗಾಲದ ಲೆಕ್ಕ

ಕಳೆದ ಜುಲೈನಲ್ಲಿ ನಾವು ಮೂವರು ಸೇರಿ ಒಂದು ಮದರ್‌ಬೋರ್ಡನ್ನು ಹಾಳು ಮಾಡಿದೆವು. ಅದಕ್ಕೆ 25 ನಿಮಿಷ ಸಾಕಾಯ್ತು. ಪೈಪ್ ಎಲ್ಲೂ ಸೋರಿರಲಿಲ್ಲ, ನಾವು ನೀರು ಚೆಲ್ಲಿರಲಿಲ್ಲ. ಆದರೂ ಬೋರ್ಡ್ ಒದ್ದೆಯಾಗಿತ್ತು. ಆ ನೀರು ಎಲ್ಲಿಂದ ಬಂತು ಅನ್ನೋದು ಅವತ್ತು ನಮಗೆ ಅರ್ಥವಾಗಲಿಲ್ಲ. ಈ ಸೆಮಿಸ್ಟರ್‌ನಲ್ಲಿ ಕ್ಲಾಸಿನ ಬೋರ್ಡಿನ ಮೇಲೆ ಸೈಕ್ರೋಮೆಟ್ರಿಕ್ ಚಾರ್ಟ್ ಬಂದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡು ನಿಮಿಷದ ಲೆಕ್ಕ ಅದು. ಮೊದಲೇ ಮಾಡಿದ್ದರೆ ಬೋರ್ಡ್ ಉಳಿಯುತ್ತಿತ್ತು.

ವಾಟರ್ ಕೂಲಿಂಗ್ ಹಾಕಿಸಬೇಕು ಅಂತ ಆಸೆ ಇರುವವರು ನಮ್ಮ ಕ್ಯಾಂಪಸ್ಸಿನಲ್ಲಿ ತುಂಬಾ ಜನ ಇದ್ದಾರೆ. "ಕರೆಂಟ್ ಪಕ್ಕ ನೀರಾ? ಬೇಡಪ್ಪ" ಅಂತ ಹೆದರುವವರೂ ಇದ್ದಾರೆ. ಇಬ್ಬರಿಗೂ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇವೆ.

ಅವತ್ತು ಏನಾಯ್ತು?

ನಮ್ಮಲ್ಲಿ ಒಬ್ಬನ ಮನೆ ಮಂಗಳೂರಿನಲ್ಲಿ. ಪಿಯುಸಿಯಿಂದ ಪಕ್ಕದ ಮನೆ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು, ಅದರ ಮೇಲೆ ಅಮ್ಮ ಕೊಟ್ಟ ದುಡ್ಡು ಎರಡೂ ಸೇರಿಸಿ ಅವನು ಒಂದು ಕಂಪ್ಯೂಟರ್ ಕಟ್ಟಿದ್ದ. ವಾಟರ್ ಕೂಲಿಂಗ್ ಕಿಟ್ ಸೆಕೆಂಡ್ ಹ್ಯಾಂಡ್: ಸಿಪಿಯು ಮೇಲೆ ಕೂರುವ ವಾಟರ್ ಬ್ಲಾಕ್, ಒಂದು ಪಂಪ್, ನೀರಿನ ಸಣ್ಣ ಟ್ಯಾಂಕ್, ಎರಡು ಫ್ಯಾನಿನ ರೇಡಿಯೇಟರ್, ಇವನ್ನೆಲ್ಲ ಜೋಡಿಸುವ ಮೆತ್ತನೆಯ ಪೈಪ್. ಆರು ತಿಂಗಳು ಚೆನ್ನಾಗೇ ಓಡಿತ್ತು.

ಫೆಸ್ಟಿಗೆ ಒಂದು ಅನಿಮೇಷನ್ ರೆಂಡರ್ ಮಾಡಬೇಕಿತ್ತು. ಲೋಡ್ ಬಿದ್ದಾಗ ಸಿಪಿಯು 82 ಡಿಗ್ರಿ ತೋರಿಸುತ್ತಿತ್ತು. ಅದು ಅಪಾಯದ ಮಟ್ಟ ಏನಲ್ಲ, ಆದರೆ ಇನ್ನೂ ಇಳಿಸಬೇಕು ಅನ್ನೋ ಹುಚ್ಚು ನಮಗೆ. ರೇಡಿಯೇಟರನ್ನು ಕ್ಯಾಬಿನೆಟ್ಟಿಂದ ಬಿಚ್ಚಿ ಐಸ್ ನೀರಿಗೆ ಇಳಿಸಿದರೆ ಹೇಗೆ ಅಂತ ಐಡಿಯಾ ಬಂತು. ಮೀನಿನ ಅಂಗಡಿಯಿಂದ ಒಂದು ಥರ್ಮಾಕೋಲ್ ಪೆಟ್ಟಿಗೆ, ಒಂದು ಚೀಲ ಐಸ್ ತಂದೆವು.

ಅವನ ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು, "ಎಂತ ಮಕ್ಕಳೇ ಇದು? ಮೀನಿನ ಪೆಟ್ಟಿಗೆ ರೂಮಿಗೆ ಯಾಕೆ ತಂದದ್ದು?"

"ಪ್ರಾಜೆಕ್ಟ್ ಆಂಟಿ" ಅಂದೆವು.

ಪಂಪ್ ಆನ್ ಮಾಡಿದ ಐದೇ ನಿಮಿಷದಲ್ಲಿ ಸಿಪಿಯು 57ಕ್ಕೆ ಇಳಿಯಿತು. ನಾವು ಕುಣಿದದ್ದೇ ಕುಣಿದದ್ದು. ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದೆವು. 25ನೇ ನಿಮಿಷಕ್ಕೆ ಸ್ಕ್ರೀನ್ ಕಪ್ಪಾಯ್ತು. "ಎಂತ ಆಯ್ತು ಮಾರಾಯ?" ಅಂತ ಮತ್ತೆ ಪವರ್ ಬಟನ್ ಒತ್ತಿದೆವು. ಫ್ಯಾನ್ ಒಂದು ಸುತ್ತು ತಿರುಗಿ ನಿಂತಿತು. ಆಗ ಟಾರ್ಚ್ ಹಾಕಿ ಒಳಗೆ ನೋಡಿದರೆ ಪೈಪಿನ ತುಂಬಾ ಹನಿಗಳು. ಹನಿಗಳು ಒಟ್ಟಾಗಿ ಪೈಪಿನ ಗುಂಟ ಇಳಿದು, ಬಗ್ಗಿದ ಜಾಗದಿಂದ ಗ್ರಾಫಿಕ್ಸ್ ಕಾರ್ಡಿನ ಸ್ಲಾಟ್ ಹತ್ತಿರ ತೊಟ್ಟಿಕ್ಕುತ್ತಿದ್ದವು. ಸಿಪಿಯು ಸಾಕೆಟ್ಟಿನ ಸುತ್ತಲೂ ಒದ್ದೆ.

ಫಿಟಿಂಗ್ ಲೂಸ್ ಆಗಿದೆ, ಲೀಕ್ ಆಗಿದೆ ಅಂತಲೇ ನಾವು ಅಂದುಕೊಂಡೆವು. ಒರೆಸಿ ನೋಡಿದರೆ ಎಲ್ಲಾ ಫಿಟಿಂಗ್ ಟೈಟ್. ಟ್ಯಾಂಕಿನ ನೀರಿನ ಮಟ್ಟವೂ ಇಳಿದಿರಲಿಲ್ಲ.

ನೀರು ಎಲ್ಲಿಂದ ಬಂತು?

ಗಾಳಿಯಿಂದ. ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿ ಮೇಜಿನ ಮೇಲೆ ಉಂಗುರದ ಹಾಗೆ ನೀರು ಬಿಡುತ್ತಲ್ಲ, ಅದೇ ಇದು. ಗಾಳಿಯಲ್ಲಿ ಯಾವಾಗಲೂ ನೀರಿನ ಆವಿ ಇರುತ್ತದೆ. ಬೆಚ್ಚಗಿನ ಗಾಳಿಯಲ್ಲಿ ಹೆಚ್ಚು ಆವಿ ಇರಬಹುದು, ತಣ್ಣಗಿನ ಗಾಳಿಯಲ್ಲಿ ಕಡಿಮೆ. ಗಾಳಿಯನ್ನು ತಣ್ಣಗೆ ಮಾಡುತ್ತಾ ಹೋದರೆ ಒಂದು ತಾಪಮಾನದಲ್ಲಿ ಅದರ ಮಿತಿ ಮುಟ್ಟುತ್ತದೆ. ಅದಕ್ಕಿಂತ ಕೆಳಗೆ ಇಳಿಸಿದರೆ ಹೆಚ್ಚಾದ ಆವಿ ನೀರಾಗುತ್ತದೆ. ಆ ತಾಪಮಾನವೇ ಇಬ್ಬನಿ ಬಿಂದು, ನಾವು ಕ್ಲಾಸಲ್ಲಿ ಹೇಳುವ ಡ್ಯೂ ಪಾಯಿಂಟ್. ಯಾವುದೇ ವಸ್ತುವಿನ ಮೈ ಡ್ಯೂ ಪಾಯಿಂಟಿಗಿಂತ ತಣ್ಣಗಿದ್ದರೆ ಅದರ ಮೇಲೆ ಇಬ್ಬನಿ ಕೂರುತ್ತದೆ. ಅದು ಹುಲ್ಲಿನ ಎಸಳಾದರೂ ಸರಿ, ಕಂಪ್ಯೂಟರಿನ ಪೈಪಾದರೂ ಸರಿ.

ಇದನ್ನು ಬಾಯಲ್ಲೇ ಲೆಕ್ಕ ಹಾಕಲು ಒಂದು ಸುಲಭ ಸೂತ್ರ ಇದೆ:

ಡ್ಯೂ ಪಾಯಿಂಟ್ = ಗಾಳಿಯ ತಾಪಮಾನ − (100 − ರಿಲೇಟಿವ್ ಹ್ಯುಮಿಡಿಟಿ) ÷ 5

ತಾಪಮಾನ ಸೆಲ್ಸಿಯಸ್‌ನಲ್ಲಿ, ಹ್ಯುಮಿಡಿಟಿ ಶೇಕಡಾದಲ್ಲಿ. ಇದು ಅಂದಾಜಿನ ಸೂತ್ರ, ಹ್ಯುಮಿಡಿಟಿ 50%ಗಿಂತ ಹೆಚ್ಚಿದ್ದಾಗ ಮಾತ್ರ ಚೆನ್ನಾಗಿ ಹೊಂದುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಮ್ಯಾಗ್ನಸ್ ಸೂತ್ರ ಬಳಸಬೇಕು ಅಥವಾ ಚಾರ್ಟ್ ನೋಡಬೇಕು.

ಅವತ್ತಿನ ರೂಮಿಗೆ ಇದನ್ನು ಹಾಕೋಣ. ತಾಪಮಾನ 28 ಡಿಗ್ರಿ, ಹ್ಯುಮಿಡಿಟಿ 90%. 100ರಲ್ಲಿ 90 ಕಳೆದರೆ 10, ಅದನ್ನು 5ರಿಂದ ಭಾಗಿಸಿದರೆ 2. 28ರಲ್ಲಿ 2 ಕಳೆದರೆ 26. ಅಂದರೆ 26 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತು ಆ ರೂಮಿನಲ್ಲಿ ಬೆವರುತ್ತದೆ. ನಮ್ಮ ಪೈಪಿನಲ್ಲಿ ಓಡುತ್ತಿದ್ದ ನೀರು ಸುಮಾರು 10 ಡಿಗ್ರಿ. ಸ್ವಲ್ಪ ಅಲ್ಲ, 16 ಡಿಗ್ರಿ ಕೆಳಗೆ!

ಎಷ್ಟು ನೀರು ಸಿಗುತ್ತದೆ ಅಂತಲೂ ನೋಡಬಹುದು. 28 ಡಿಗ್ರಿ, 90%ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ಆವಿ ಇರುತ್ತದೆ. ಅದೇ ಗಾಳಿ 10 ಡಿಗ್ರಿಗೆ ಇಳಿದರೆ ಸುಮಾರು 9 ಗ್ರಾಂ ಮಾತ್ರ ಉಳಿಯುತ್ತದೆ. ಉಳಿದ 15 ಗ್ರಾಂ ನೀರಾಗುತ್ತದೆ, ಅಂದರೆ ಒಂದು ದೊಡ್ಡ ಚಮಚದಷ್ಟು. ಮೂರು ಮೀಟರ್ ಉದ್ದ, ಅಗಲ, ಎತ್ತರದ ಒಂದು ರೂಮಿನ ಗಾಳಿಯಲ್ಲಿ ಅರ್ಧ ಲೀಟರಿಗೂ ಹೆಚ್ಚು ನೀರು ಆವಿಯಾಗಿ ತುಂಬಿರುತ್ತದೆ. ಕ್ಯಾಬಿನೆಟ್ ಫ್ಯಾನ್‌ಗಳು ಈ ಗಾಳಿಯನ್ನು ಒಳಗೆ ಎಳೆದು ತಣ್ಣಗಿನ ಪೈಪಿಗೆ ತಾಗಿಸುತ್ತಲೇ ಇದ್ದವು. ನಮ್ಮ ಕಂಪ್ಯೂಟರ್ 25 ನಿಮಿಷ ಒಂದು ಡಿಹ್ಯುಮಿಡಿಫೈಯರ್ ಆಗಿ ಕೆಲಸ ಮಾಡಿತು.

ಹಾಗಾದ್ರೆ ಮಾಮೂಲಿ ವಾಟರ್ ಕೂಲಿಂಗ್ ಬೆವರುತ್ತಾ?

ಇಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ತುಂಬಾ ಜನ ಇದಕ್ಕೇ ಹೆದರುತ್ತಾರೆ.

ರೇಡಿಯೇಟರ್ ಫ್ರಿಜ್ ಅಲ್ಲ. ಅದು ನೀರಿನ ಶಾಖವನ್ನು ರೂಮಿನ ಗಾಳಿಗೆ ಬಿಡುತ್ತದೆ, ಅಷ್ಟೇ. ಶಾಖ ಯಾವಾಗಲೂ ಬಿಸಿಯಿಂದ ತಣ್ಣಗಿನ ಕಡೆಗೆ ಹರಿಯುತ್ತದೆ. ಹಾಗಾಗಿ ನೀರು ರೂಮಿನ ಗಾಳಿಗಿಂತ ಬೆಚ್ಚಗಿದ್ದರೆ ಮಾತ್ರ ರೇಡಿಯೇಟರ್ ಕೆಲಸ ಮಾಡುತ್ತದೆ. ಎಷ್ಟು ದೊಡ್ಡ ರೇಡಿಯೇಟರ್ ಹಾಕಿ, ಎಷ್ಟು ಫ್ಯಾನ್ ಹಾಕಿ, ನೀರು ರೂಮಿನ ತಾಪಮಾನದ ಹತ್ತಿರ ಬರಬಹುದು, ಅದಕ್ಕಿಂತ ಕೆಳಗೆ ಹೋಗಲ್ಲ. ಡ್ಯೂ ಪಾಯಿಂಟ್ ಅನ್ನೋದು ರೂಮಿನ ತಾಪಮಾನಕ್ಕಿಂತ ಎಂದೂ ಹೆಚ್ಚಿರಲ್ಲ. ಎರಡನ್ನೂ ಸೇರಿಸಿ ನೋಡಿದರೆ ಮಾಮೂಲಿ ಲೂಪಿನಲ್ಲಿ ಇಬ್ಬನಿ ಕೂರಲು ಜಾಗವೇ ಇಲ್ಲ.

"ಲೂಪಿನಲ್ಲಿ ಎಲ್ಲಾದರೂ ಒಂದು ಕಡೆ ತಣ್ಣಗಿದ್ದರೆ?" ಅಂತ ಕೇಳಬಹುದು. ಅದಕ್ಕೂ ಲೆಕ್ಕ ಇದೆ. ನಿಮಿಷಕ್ಕೆ 1 ಲೀಟರ್ ನೀರು ಓಡುತ್ತಿದೆ, ಸಿಪಿಯು 200 ವ್ಯಾಟ್ ಶಾಖ ಬಿಡುತ್ತಿದೆ ಅಂದುಕೊಳ್ಳಿ. ನೀರಿನ ವಿಶಿಷ್ಟ ಶಾಖ ಕೆಜಿಗೆ, ಡಿಗ್ರಿಗೆ ಸುಮಾರು 4186 ಜೂಲ್. ಸೆಕೆಂಡಿಗೆ 1/60 ಕೆಜಿ ಓಡಿದರೆ ಒಂದು ಡಿಗ್ರಿ ಏರಲು ಸುಮಾರು 70 ವ್ಯಾಟ್ ಬೇಕು. 200 ವ್ಯಾಟಿಗೆ ನೀರು ಏರುವುದು 3 ಡಿಗ್ರಿಗಿಂತ ಸ್ವಲ್ಪ ಕಡಿಮೆ. ಅಂದರೆ ಲೂಪಿನ ಬಿಸಿ ತುದಿಗೂ ತಣ್ಣಗಿನ ತುದಿಗೂ ಇರುವ ವ್ಯತ್ಯಾಸ ಇಷ್ಟೇ. ರೂಮು 28 ಇದ್ದಾಗ ನೀರು 36ರ ಆಸುಪಾಸಿನಲ್ಲಿ ಎಲ್ಲಾ ಕಡೆ ಬೆಚ್ಚಗೇ ಇರುತ್ತದೆ. ಮಂಗಳೂರಾಗಲಿ, ಕಾರವಾರವಾಗಲಿ, ಜಡಿಮಳೆಯಲ್ಲೂ ಅದು ಬೆವರಲ್ಲ.

ಚಿಪ್ಪನ್ನು ಕೂಲ್ ಮಾಡಲು ತಣ್ಣೀರೇ ಬೇಕು ಅನ್ನೋದೂ ಒಂದು ತಪ್ಪು ಕಲ್ಪನೆ. ಜರ್ಮನಿಯ ಮ್ಯೂನಿಕ್ ಹತ್ತಿರ ಗಾರ್ಶಿಂಗ್‌ನಲ್ಲಿ 2012ರಲ್ಲಿ ಶುರುವಾದ ಸೂಪರ್‌ಎಂಯುಸಿ ಅನ್ನೋ ಸೂಪರ್ ಕಂಪ್ಯೂಟರಿಗೆ ಸುಮಾರು 40 ಡಿಗ್ರಿಯ ಬೆಚ್ಚಗಿನ ನೀರು ಹರಿಸುತ್ತಿದ್ದರು. ನಾವು ಸ್ನಾನಕ್ಕೆ ಕಾಯಿಸುವ ನೀರಿನಷ್ಟು! ಚಿಪ್ 70, 80 ಡಿಗ್ರಿ ಇರುವಾಗ 40 ಡಿಗ್ರಿಯ ನೀರೂ ಅದಕ್ಕೆ ತಂಪೇ.

ಊರು ಬದಲಾದರೆ ಲೆಕ್ಕ ಬದಲು

ಐಸ್, ಚಿಲ್ಲರ್ ಅಂತ ಹೊರಟರೆ ಮಾತ್ರ ಊರಿನ ಹವೆ ಲೆಕ್ಕಕ್ಕೆ ಬರುತ್ತದೆ. ಮೂರು ಉದಾಹರಣೆ ನೋಡಿ:

ಮಂಗಳೂರಿನ ಮಳೆಗಾಲದ ರೂಮು, 28 ಡಿಗ್ರಿ, 90%: ಡ್ಯೂ ಪಾಯಿಂಟ್ ಸುಮಾರು 26.

ಎಸಿ ಹಾಕಿ ಬಾಗಿಲು ಮುಚ್ಚಿದ ರೂಮು, 24 ಡಿಗ್ರಿ, 50%: ಡ್ಯೂ ಪಾಯಿಂಟ್ ಸುಮಾರು 13.

ಕಲಬುರಗಿಯ ಬೇಸಿಗೆ ಮಧ್ಯಾಹ್ನ, 38 ಡಿಗ್ರಿ, 20%: ಡ್ಯೂ ಪಾಯಿಂಟ್ ಸುಮಾರು 11.

ಕಲಬುರಗಿ ಅಷ್ಟು ಬಿಸಿ ಇದ್ದರೂ ಡ್ಯೂ ಪಾಯಿಂಟ್ ಮಂಗಳೂರಿಗಿಂತ 15 ಡಿಗ್ರಿ ಕೆಳಗಿದೆ. ಅಲ್ಲಿ 15 ಡಿಗ್ರಿಯ ನೀರು ಓಡಿಸಿದರೂ ಪೈಪ್ ಒಣಗಿರುತ್ತದೆ. ಅದೇ ನೀರು ಮಂಗಳೂರಿನಲ್ಲಿ ಧಾರೆಯಾಗಿ ಬೆವರುತ್ತದೆ. ಹೊರ ದೇಶದ ಒಣ ಹವೆಯಲ್ಲಿ ಯಾರೋ ಐಸ್ ಬಕೆಟ್ ಇಟ್ಟು ವೀಡಿಯೋ ಮಾಡಿದ್ದನ್ನು ನೋಡಿ ನಾವು ಇಲ್ಲಿ ಮಾಡಿದ್ದೇ ತಪ್ಪು. ಅವರ ತಾಪಮಾನ ನೋಡಿದೆವು, ಹ್ಯುಮಿಡಿಟಿ ನೋಡಲಿಲ್ಲ.

ಕಲಬುರಗಿಯವರೂ ಒಂದು ವಿಷಯ ನೆನಪಿಡಬೇಕು. ರೂಮಿನಲ್ಲಿ ನೀರು ಹಾಕುವ ಏರ್ ಕೂಲರ್ ಓಡುತ್ತಿದ್ದರೆ ಅದು ಗಾಳಿಗೆ ಆವಿ ಸೇರಿಸುತ್ತದೆ. ಆಗ ಡ್ಯೂ ಪಾಯಿಂಟ್ ಏರುತ್ತದೆ, ಮೇಲಿನ ಲೆಕ್ಕ ನಡೆಯಲ್ಲ.

ಇನ್ನೊಂದು ಐಡಿಯಾ ಕೆಲವರಿಗೆ ಬರುತ್ತದೆ: ಎಸಿಯ ಗಾಳಿಯನ್ನು ರಟ್ಟಿನ ಡಕ್ಟ್ ಮಾಡಿ ನೇರ ರೇಡಿಯೇಟರಿಗೆ ಬಿಡುವುದು. ರೂಮು ಪೂರ್ತಿ ಎಸಿಯಲ್ಲಿ ಒಣಗಿದ್ದರೆ ತೊಂದರೆ ಕಡಿಮೆ. ಆದರೆ ಎಸಿ ಈಗಷ್ಟೇ ಆನ್ ಆಗಿದ್ದು ರೂಮಿನ ಗಾಳಿ ಇನ್ನೂ ತೇವವಾಗಿದ್ದರೆ, ಅಥವಾ ಕಿಟಕಿ ತೆರೆದಿದ್ದರೆ, ಲೂಪಿನ ನೀರು ರೂಮಿನ ಡ್ಯೂ ಪಾಯಿಂಟಿಗಿಂತ ಕೆಳಗೆ ಹೋಗಬಹುದು. ಎಸಿ ರೂಮಿನಲ್ಲಿ ಕಂಪ್ಯೂಟರ್ ಇಡುವುದು ಒಳ್ಳೆಯದೇ, ಎಸಿಯನ್ನು ಕಂಪ್ಯೂಟರಿಗೆ ಕಟ್ಟುವುದು ಬೇಡ.

ಇಬ್ಬನಿ ಶುದ್ಧ ನೀರು ತಾನೇ, ಶಾರ್ಟ್ ಹೇಗಾಗುತ್ತೆ?

ಇದು ನಮಗೂ ಬಂದ ಪ್ರಶ್ನೆ. ಅಪ್ಪಟ ಶುದ್ಧ ನೀರು ಕರೆಂಟನ್ನು ತುಂಬಾ ಕಡಿಮೆ ಹರಿಸುತ್ತದೆ, ನಿಜ. ಆವಿಯಿಂದ ಆದ ಹನಿಯೂ ಹುಟ್ಟುವಾಗ ಹೆಚ್ಚುಕಡಿಮೆ ಶುದ್ಧವೇ. ಆದರೆ ಅದು ಬೀಳುವುದು ಎಲ್ಲಿ? ಬೋರ್ಡಿನ ಮೇಲೆ ಧೂಳಿರುತ್ತದೆ, ಬೆಸುಗೆಯ ಫ್ಲಕ್ಸ್ ಉಳಿದಿರುತ್ತದೆ, ನಮ್ಮ ಬೆರಳಿನ ಬೆವರಿನ ಉಪ್ಪಿರುತ್ತದೆ, ಕರಾವಳಿಯಲ್ಲಿ ಗಾಳಿಯಲ್ಲೇ ಉಪ್ಪಿರುತ್ತದೆ. ಇವೆಲ್ಲ ನೀರಿನಲ್ಲಿ ಕರಗಿದ ಕೂಡಲೇ ಅದು ಕರೆಂಟ್ ಹರಿಸಲು ಶುರು ಮಾಡುತ್ತದೆ. ಲೂಪಿಗೆ ಡಿಸ್ಟಿಲ್ಡ್ ವಾಟರ್ ಹಾಕಿದ್ದೇವೆ, ಸೋರಿದರೂ ಪರವಾಗಿಲ್ಲ ಅಂತ ಹೇಳುವವರಿಗೂ ಇದೇ ಉತ್ತರ.

ಕರೆಂಟ್ ಇರುವಾಗ ಒದ್ದೆಯಾದರೆ ಇನ್ನೂ ಒಂದು ಕೆಲಸ ನಡೆಯುತ್ತದೆ. ಹತ್ತಿರ ಹತ್ತಿರ ಇರುವ ಎರಡು ಪಿನ್ನುಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ, ಲೋಹ ನೀರಿನಲ್ಲಿ ಅಯಾನಾಗಿ ಕರಗಿ ಇನ್ನೊಂದು ಪಿನ್ನಿನ ಕಡೆಗೆ ಬೇರಿನ ಹಾಗೆ ಬೆಳೆಯುತ್ತದೆ. ಅದು ಮುಟ್ಟಿದರೆ ಶಾರ್ಟ್. ರಿಪೇರಿ ಅಂಗಡಿಯವರು ನಮ್ಮ ಬೋರ್ಡನ್ನು ಭೂತಗನ್ನಡಿಯಲ್ಲಿ ತೋರಿಸಿದಾಗ ಸಾಕೆಟ್ ಹತ್ತಿರ ಹಸಿರು, ಬಿಳಿ ಕಲೆಗಳು ಕಂಡವು. "ನೀರು ಬಿದ್ದ ಮೇಲೆ ಮತ್ತೆ ಆನ್ ಮಾಡಿದ್ರಾ?" ಅಂತ ಅವರು ಕೇಳಿದರು. ನಾವು ತಲೆ ತಗ್ಗಿಸಿದೆವು.

ಶಟ್ ಡೌನ್ ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಪ್ಲಗ್ ಚುಚ್ಚಿರುವವರೆಗೆ ಪವರ್ ಸಪ್ಲೈ ಮದರ್‌ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡುತ್ತಲೇ ಇರುತ್ತದೆ. ಒದ್ದೆ ಕಂಡರೆ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಬೇಕು. ಪೂರ್ತಿ ಒಣಗುವವರೆಗೆ ಮತ್ತೆ ಬಟನ್ ಒತ್ತಲೇಬಾರದು.

ತಣ್ಣಗೆ ಮಾಡುವವರು ಹೇಗೆ ಮಾಡ್ತಾರೆ?

ಎರಡು ದಾರಿ ಇದೆ. ಒಂದು, ಡ್ಯೂ ಪಾಯಿಂಟಿಗಿಂತ ಕೆಳಗೆ ಹೋಗದಂತೆ ಕಾಯುವುದು. 2020ರಲ್ಲಿ ಇಂಟೆಲ್ ಕ್ರಯೋ ಕೂಲಿಂಗ್ ಅನ್ನೋ ತಂತ್ರಜ್ಞಾನ ತಂದಿತ್ತು. ಕೂಲರ್ ಮಾಸ್ಟರ್ ಮತ್ತು ಇಕೆ ಅದನ್ನು ಬಳಸಿ ಕೂಲರ್ ಮಾಡಿದವು. ಸಿಪಿಯು ಮತ್ತು ನೀರಿನ ನಡುವೆ ಒಂದು ಪೆಲ್ಟಿಯರ್ ಪ್ಲೇಟ್, ಅಂದರೆ ಕರೆಂಟ್ ಕೊಟ್ಟರೆ ಒಂದು ಮುಖ ತಣ್ಣಗಾಗಿ ಇನ್ನೊಂದು ಮುಖ ಬಿಸಿಯಾಗುವ ಪ್ಲೇಟ್. ಜೊತೆಗೆ ತಾಪಮಾನ ಮತ್ತು ಹ್ಯುಮಿಡಿಟಿ ಸೆನ್ಸರ್. ಡ್ಯೂ ಪಾಯಿಂಟ್ ಎಷ್ಟು ಅಂತ ನೋಡಿ ಅದಕ್ಕಿಂತ ಕೆಳಗೆ ಹೋಗದಂತೆ ಪೆಲ್ಟಿಯರ್ ಕರೆಂಟನ್ನು ತಗ್ಗಿಸುವ ವ್ಯವಸ್ಥೆ. ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಸರ್ವರ್‌ಗೆ ಹೋಗುವ ನೀರನ್ನೂ ಇದೇ ಕಾರಣಕ್ಕೆ ಡ್ಯೂ ಪಾಯಿಂಟಿಗಿಂತ ಮೇಲೆ ಇಡುತ್ತಾರೆ.

ಇನ್ನೊಂದು ದಾರಿ, ಇಬ್ಬನಿ ಬೋರ್ಡಿಗೆ ತಾಗದಂತೆ ಮುಚ್ಚುವುದು. ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್ ಸುರಿದು ರೆಕಾರ್ಡ್ ಮಾಡುವವರು ಬೋರ್ಡಿನ ಮೇಲೆ ನೀರು ಇಳಿಯದ ಲೇಪನ ಅಥವಾ ವ್ಯಾಸಲೀನ್ ಹಚ್ಚುತ್ತಾರೆ, ಸಾಕೆಟ್ ಸುತ್ತ ಗಾಳಿ ಸೇರದಂತೆ ಫೋಮ್ ತುಂಬುತ್ತಾರೆ, ಟಿಶ್ಯೂ ಪೇಪರ್ ಸುತ್ತುತ್ತಾರೆ. ಅದು ಕೆಲವು ಗಂಟೆಗಳ ಆಟ. ದಿನಾ ಬಳಸುವ ಮನೆಯ ಕಂಪ್ಯೂಟರಿಗೆ ಹೇಳಿದ್ದಲ್ಲ.

ಬಸ್ಸಿನಲ್ಲಿ ಬಂದ ಕಂಪ್ಯೂಟರ್

ಐಸ್ ಇಲ್ಲದೆಯೂ ಇಬ್ಬನಿ ಕೂರುವ ಒಂದು ಸಂದರ್ಭ ಇದೆ, ಇದು ಎಲ್ಲರಿಗೂ ಅನ್ವಯಿಸುತ್ತದೆ. ಬೆಂಗಳೂರಿನಿಂದ ರಾತ್ರಿ ಎಸಿ ಸ್ಲೀಪರ್ ಬಸ್ಸಿನಲ್ಲಿ ಹೊರಟು ಜುಲೈ ತಿಂಗಳ ಬೆಳಗ್ಗೆ ಮಂಗಳೂರಿನಲ್ಲಿ ಇಳಿದಿದ್ದೀರಾ? ಇಳಿದ ತಕ್ಷಣ ಕನ್ನಡಕ ಮಂಜಾಗುತ್ತದೆ. ಬ್ಯಾಗಿನಲ್ಲಿರುವ ಲ್ಯಾಪ್‌ಟಾಪ್, ಜೊತೆಗೆ ತಂದ ಸಿಪಿಯು ಕ್ಯಾಬಿನೆಟ್ ಎಲ್ಲಾ ಅಷ್ಟೇ ತಣ್ಣಗಿರುತ್ತವೆ. ಕನ್ನಡಕದ ಮೇಲೆ ಕೂತ ಇಬ್ಬನಿ ಅವುಗಳ ಒಳಗೂ ಕೂರಬಹುದು. ರೂಮಿಗೆ ಬಂದ ಕೂಡಲೇ ಪ್ಲಗ್ ಹಾಕಬೇಡಿ. ಬ್ಯಾಗ್ ಮುಚ್ಚಿಯೇ ಮೂರ್ನಾಲ್ಕು ಗಂಟೆ ಬಿಡಿ, ರೂಮಿನ ತಾಪಮಾನಕ್ಕೆ ಬರಲಿ. ಕಬ್ಬಿಣದ ಕ್ಯಾಬಿನೆಟ್, ದೊಡ್ಡ ರೇಡಿಯೇಟರ್ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು.

ನೆನಪಿಡಬೇಕಾದ್ದು

1. ಗಾಳಿಗೆ ಶಾಖ ಬಿಡುವ ಮಾಮೂಲಿ ವಾಟರ್ ಕೂಲಿಂಗ್ ಬೆವರಲ್ಲ. ಅದರಲ್ಲಿ ಹೆದರಬೇಕಾದ್ದು ಲೀಕಿಗೆ. ಹೊಸ ಲೂಪ್ ಕಟ್ಟಿದಾಗ ಬೇರೆ ಯಾವುದಕ್ಕೂ ಕರೆಂಟ್ ಕೊಡದೆ ಪಂಪ್ ಮಾತ್ರ 24 ಗಂಟೆ ಓಡಿಸಿ, ಪ್ರತಿ ಫಿಟಿಂಗ್ ಕೆಳಗೆ ಟಿಶ್ಯೂ ಪೇಪರ್ ಇಟ್ಟು ನೋಡಿ.

2. ಒಳಗೆ ನೀರು ಕಂಡರೆ ಲೀಕಾ, ಇಬ್ಬನಿಯಾ ಅಂತ ಗುರುತಿಸಿ. ಲೀಕ್ ಆಗಿದ್ದರೆ ಒಂದು ಫಿಟಿಂಗ್ ಹತ್ತಿರ ಮಾತ್ರ ಒದ್ದೆ, ಟ್ಯಾಂಕಿನ ಮಟ್ಟವೂ ಇಳಿದಿರಬಹುದು. ಇಬ್ಬನಿಯಾದರೆ ತಣ್ಣಗಿನ ಪೈಪಿನ ತುಂಬಾ ಒಂದೇ ಸಮ ಹನಿ.

3. ಐಸ್, ಚಿಲ್ಲರ್, ಪೆಲ್ಟಿಯರ್, ಎಸಿ ಡಕ್ಟ್, ಯಾವುದನ್ನೇ ಜೋಡಿಸುವ ಮೊದಲು ರೂಮಿನ ಡ್ಯೂ ಪಾಯಿಂಟ್ ಲೆಕ್ಕ ಹಾಕಿ. ನೀರು ಅದಕ್ಕಿಂತ ಎರಡು ಮೂರು ಡಿಗ್ರಿಯಾದರೂ ಮೇಲಿರಲಿ.

4. ಆ್ಯಪ್ ತೋರಿಸುವ ಊರಿನ ಹ್ಯುಮಿಡಿಟಿ ಬೇರೆ, ನಿಮ್ಮ ರೂಮಿನದು ಬೇರೆ. ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಮೇಜಿನ ಮೇಲಿರಲಿ.

5. ಒದ್ದೆ ಕಂಡರೆ ಪ್ಲಗ್ ಕೀಳಿ. ಆನ್ ಆಗುತ್ತಾ ಅಂತ ನೋಡಬೇಡಿ.

ಕೊನೆಗೆ ನಮ್ಮ ಕಥೆ. ಗ್ರಾಫಿಕ್ಸ್ ಕಾರ್ಡ್, ಸಿಪಿಯು ಎರಡೂ ಬದುಕಿಕೊಂಡವು. ಮದರ್‌ಬೋರ್ಡ್ ಹೋಯ್ತು. ಮೂವರೂ ದುಡ್ಡು ಹಾಕಿ ಸೆಕೆಂಡ್ ಹ್ಯಾಂಡ್ ಬೋರ್ಡ್ ಒಂದನ್ನು ತರಲು ಮೂರು ತಿಂಗಳು ಹಿಡಿಯಿತು. ಅನಿಮೇಷನ್ ಫೆಸ್ಟಿಗೆ ಮುಟ್ಟಲಿಲ್ಲ. ಆ ಮೂರು ತಿಂಗಳು ಅವನು ಅಸೈನ್‌ಮೆಂಟ್ ಎಲ್ಲಾ ಲ್ಯಾಬಿನಲ್ಲೇ ಕೂತು ಮಾಡಿದ. ನಮಗೆ ಒಂದು ಮಾತೂ ಬಯ್ಯಲಿಲ್ಲ, ಅದೇ ಹೆಚ್ಚು ಬೇಜಾರು.

ಈಗ ರೇಡಿಯೇಟರ್ ಮತ್ತೆ ಕ್ಯಾಬಿನೆಟ್ಟಿನ ಮೇಲೆ ಕೂತಿದೆ. ಲೋಡ್ ಬಿದ್ದರೆ ಸಿಪಿಯು ಮತ್ತೆ 82 ಡಿಗ್ರಿ, ಅದೇನೂ ತೊಂದರೆ ಕೊಟ್ಟಿಲ್ಲ. ಮೀನಿನ ಪೆಟ್ಟಿಗೆಯಲ್ಲಿ ಅವನ ಅಮ್ಮ ಕೊತ್ತಂಬರಿ ಬೆಳೆಸಿದ್ದಾರೆ. ಮೊನ್ನೆ ಹೋದಾಗ ಮೇಜಿನ ಮೇಲಿನ ಹೈಗ್ರೋಮೀಟರ್ 27 ಡಿಗ್ರಿ, 85% ತೋರಿಸುತ್ತಿತ್ತು. ಡ್ಯೂ ಪಾಯಿಂಟ್ ಎಷ್ಟು ಅಂತ ಈಗ ನೀವೇ ಹೇಳಿ.